ವೃಕ್ಷಾಸನ

ಗೌನಿಪಲ್ಲಿಯ ಸುತ್ತಲಿನ ಮಾವಿನ ಮರಗಳನ್ನು ಆಷಾಢದ ಗಾಳಿಯಲ್ಲಿ ನೋಡಬೇಕು. ಕೊಂಬೆಗಳೆಲ್ಲ ತೂಗಾಡುತ್ತವೆ, ಬುಡ ಮಾತ್ರ ಕದಲದು. ವೃಕ್ಷಾಸನದ ಅರ್ಥವೂ ಇದೇ. ‘ಘೇರಂಡ ಸಂಹಿತೆ’ ಹೇಳುವ 32 ಆಸನಗಳಲ್ಲಿ ಇದೂ ಒಂದು.

ಈ ಆಸನವನ್ನು ಲೋಕದ ಮನೆಮನೆಗೆ ಮುಟ್ಟಿಸಿದವರಲ್ಲಿ ಪ್ರಮುಖರು ಕೋಲಾರ ಜಿಲ್ಲೆಯವರೇ. ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಕೃಶರಾಗಿದ್ದರು. 1934ರಲ್ಲಿ ಮೈಸೂರಿನಲ್ಲಿದ್ದ ಭಾವ ಟಿ. ಕೃಷ್ಣಮಾಚಾರ್ಯರ ಆಶ್ರಯ ಸೇರಿದರು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಗ್ರಂಥದಲ್ಲಿ ತಾಡಾಸನದ ಬೆನ್ನಿಗೇ ವೃಕ್ಷಾಸನದ ವಿವರಣೆಯಿದೆ. ಗೋಡೆ, ಹಗ್ಗ, ಮರದ ದಿಮ್ಮಿಗಳ ಆಸರೆಯಿಂದ ಅಶಕ್ತರೂ ಆಸನಗಳನ್ನು ಸಾಧಿಸಬಹುದೆಂದು ತೋರಿಸಿಕೊಟ್ಟದ್ದು ಅವರ ಹಿರಿಮೆ.

ವಿಧಾನ: ಸಮನೆಲದಮೇಲೆ ನೆಟ್ಟಗೆ ನಿಲ್ಲಬೇಕು. ಬಲಗಾಲನ್ನು ಮಡಿಸಿ, ಅಂಗಾಲನ್ನು ಎಡತೊಡೆಯ ಒಳಭಾಗದ ಮೂಲಕ್ಕೆ ಒತ್ತಿಡಬೇಕು, ಬೆರಳುಗಳು ಕೆಳಮುಖವಾಗಿರಲಿ. ದೃಷ್ಟಿಯನ್ನು ಎದುರಿನ ಒಂದು ಬಿಂದುವಿನಲ್ಲಿ ನೆಟ್ಟು, ಕೈಗಳನ್ನು ಮೇಲೆತ್ತಿ ಜೋಡಿಸಬೇಕು. ಉಸಿರು ಸಹಜವಾಗಿರಲಿ. ಕೆಲವು ಕ್ಷಣಗಳ ಅನಂತರ ಕಾಲು ಬದಲಿಸತಕ್ಕದ್ದು.

ಫಲ: ಕಣ್ಣು, ಒಳಗಿವಿ, ಅಂಗಾಲು ಹಾಗೂ ಕೀಲುಗಳ ಸ್ಪರ್ಶಜ್ಞಾನ, ಈ ಮೂರೂ ಕೂಡಿ ದೇಹದ ಸಮತೋಲವನ್ನು ಕಾಯುತ್ತವೆ. ಒಂಟಿಕಾಲಿನಲ್ಲಿ ನಿಂತಾಗ ಹಿಮ್ಮಡಿಯ ಗಂಟು ಕ್ಷಣಕ್ಷಣವೂ ಅತ್ತಿತ್ತ ಅಲುಗಿ ದೇಹವನ್ನು ಸರಿಪಡಿಸುತ್ತದೆ. ಈ ಅಲುಗಾಟ ದೋಷವಲ್ಲ, ಅಭ್ಯಾಸವೆಂದರೆ ಅದೇ. ಇದರಿಂದ ಕಾಲಿನ ಸ್ನಾಯುಗಳು ಬಲಗೊಂಡು, ಮನಸ್ಸು ಏಕಾಗ್ರವಾಗುತ್ತದೆ. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಹಿರಿಯರನ್ನು ಕಂಡ ಮನೆಯವರಿಗೆ ಸಮತೋಲದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಎಚ್ಚರಿಕೆ: ಪಾದವನ್ನು ಮೊಣಕಾಲಿನ ಕೀಲಿಗೆ ಒತ್ತಿಡಲೇಬಾರದು, ತೊಡೆಯವರೆಗೆ ಏರದಿದ್ದರೆ ಮೀನಖಂಡದಮೇಲಿಟ್ಟರೆ ಸಾಕು. ಮೆತ್ತನೆಯ ಹಾಸಿಗೆ, ಒದ್ದೆ ನೆಲ, ತುಂಬಿದ ಹೊಟ್ಟೆ ಇವು ವರ್ಜ್ಯ. ರಕ್ತದ ಒತ್ತಡ ಹೆಚ್ಚಿರುವವರು ಕೈಗಳನ್ನು ಎದೆಯ ಮುಂದೆ ಜೋಡಿಸಿದರೆ ಸಾಕು. ತಲೆಸುತ್ತು, ಮೊಣಕಾಲು ಅಥವಾ ಹಿಮ್ಮಡಿಯ ನೋವುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ತೊಡಗಬಾರದು. ವಯಸ್ಸಾದವರು ಗೋಡೆಯ ಪಕ್ಕದಲ್ಲೇ ನಿಲ್ಲಬೇಕು.

ಗೋಡೆ ಹಿಡಿಯುವುದಕ್ಕೆ ನಾಚಬೇಕಾಗಿಲ್ಲ. ತೋಟದಲ್ಲಿ ಎಳೆಯ ಮಾವಿನ ಸಸಿಗೂ ಮೊದಲು ಊರುಗೋಲು ಕಟ್ಟುತ್ತಾರೆ. ಬೇರು ಬಲಿತಮೇಲೆ ಅದು ತಾನೇ ನಿಲ್ಲುತ್ತದೆ.