ಆ ಅರ್ಧ ಸೆಕೆಂಡಿನ ಮೌನ

ಜಯಪುರದಲ್ಲಿ ನಮ್ಮ ಎದುರುಮನೆ ಅತ್ತೆಯ ಮಗ ಸೈನ್ಯದಲ್ಲಿದ್ದಾನೆ. ಸಿಗ್ನಲ್ಸ್ ವಿಭಾಗ. ಈಗ ಲಡಾಖ್ ಕಡೆ ಪೋಸ್ಟಿಂಗ್. ಹೋದ ಮಳೆಗಾಲದಲ್ಲಿ ಊರಿಗೆ ಬಂದಿದ್ದಾಗ ಅತ್ತೆ ನನ್ನನ್ನು ಕರೆದು ಕೂರಿಸಿದರು.

“ನೀನು ಕಂಪ್ಯೂಟರ್ ಓದಿದವನು, ಹೇಳು ಮಾರಾಯ. ಚೆನ್ನಾಗಿದ್ದೀಯಾ ಅಂತ ಕೇಳಿದ್ರೆ ಅವ್ನು ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಹೂಂ ಅಂತಾನೆ. ಎಂತದೋ ಮುಚ್ಚಿಡ್ತಾ ಇದ್ದಾನೆ.”

ಯಾವ ಫೋನಿಂದ ಮಾಡ್ತಾನೆ ಅಂತ ಕೇಳಿದೆ. ಟವರ್ ಇಲ್ಲದ ಜಾಗವಂತೆ, ಸ್ಯಾಟಲೈಟ್ ಫೋನಂತೆ. ಅಲ್ಲಿಗೆ ನನಗೆ ಅರ್ಥವಾಯಿತು.

ಈ ಉಪಗ್ರಹಗಳು ಇರುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅತ್ತೆಯ ಪ್ರಶ್ನೆ ಅಷ್ಟು ಮೇಲೆ ಹೋಗಿ, ಅಷ್ಟೇ ಕೆಳಗೆ ಇಳಿದು ಮಗನ ಕಿವಿ ಸೇರಬೇಕು. ಅವನ ಉತ್ತರವೂ ಹಾಗೇ ಬರಬೇಕು. ಒಟ್ಟು 1,44,000 ಕಿ.ಮೀ. ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಓಡಿದರೂ ಅರ್ಧ ಸೆಕೆಂಡ್ ಬೇಕೇ ಬೇಕು. ಯಂತ್ರಗಳು ಮಾತನ್ನು ಅಂಕಿಗಳಾಗಿ ಬದಲಾಯಿಸಲು ಇನ್ನೊಂಚೂರು. ಅತ್ತೆಗೆ ಕೇಳಿಸುತ್ತಿದ್ದದ್ದು ಮಗನ ಸಂಕಟವಲ್ಲ, ದೂರ.

ಆ ಫೋನ್ ಕೆಲಸ ಮಾಡುವಂತೆ ಮಾಡುವುದೇ ಅವನಂಥ ಸಿಗ್ನಲ್ಸ್ ಹುಡುಗರು. ನಮ್ಮ ಮನೆಗಳಲ್ಲಿ ಡಿಶ್ ಕೂರಿಸುವುದನ್ನು ನೋಡಿದ್ದೀರಲ್ಲ? ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15ಕ್ಕೆ ಜಯಪುರದಿಂದ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 64 ಡಿಗ್ರಿ ಮೇಲಕ್ಕೆ ನೋಡಬೇಕು. ಅದೇ ಉಪಗ್ರಹ ಲಡಾಖಿನಿಂದ 47 ಡಿಗ್ರಿಗೆ ಇಳಿದಿರುತ್ತದೆ. ನಮಗೆ ಅಡ್ಡ ಬರುವುದು ಹಲಸಿನ ಮರ, ಅವರಿಗೆ ಬೆಟ್ಟ. ನಮ್ಮಲ್ಲಿ ಜೋರು ಮಳೆಗೆ ಚಿತ್ರ ಹೋಗುತ್ತದೆ, ಅಲ್ಲಿ ಡಿಶ್ ಮೇಲೆ ಕೂತ ಹಿಮವನ್ನು ಆಗಾಗ ಕೆರೆದು ತೆಗೆಯಬೇಕು.

ನಮ್ಮ ಡಿಶ್ ಬರೀ ಕೇಳಿಸಿಕೊಳ್ಳುತ್ತದೆ, ಸೈನ್ಯದ್ದು ಮಾತೂ ಆಡುತ್ತದೆ. ಹಾಗಾಗಿ ಅಂದಾಜು ನಡೆಯುವುದಿಲ್ಲ. ದಕ್ಷಿಣಕ್ಕೆ ಆಕಾಶ ತೆರೆದಿರುವ ಜಾಗ ಹುಡುಕಬೇಕು, ಸ್ಟ್ಯಾಂಡ್ ಮಟ್ಟ ಮಾಡಬೇಕು, ದಿಕ್ಸೂಚಿ ನೋಡಿ ತಿರುಗಿಸಬೇಕು, ಆಮೇಲೆ ಮೀಟರ್ ನೋಡುತ್ತಾ ಕೂದಲೆಳೆಯಷ್ಟೇ ಅಲುಗಿಸಬೇಕು. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ ಮೇಲೆ 600 ಕಿ.ಮೀ.ಗೂ ಹೆಚ್ಚು ತಪ್ಪುತ್ತದೆ. ಬೆಂಗಳೂರಿನ ಎಸಿ ರೂಮಲ್ಲಿ ಸರ್ವರ್ ಡೌನ್ ಆಯಿತೆಂದು ಗೊಣಗುವ ನನಗೆ, ಮೈನಸ್ ಚಳಿಯಲ್ಲಿ ಗ್ಲೌಸ್ ತೆಗೆದರೆ ಬೆರಳಿಗೇ ಅಪಾಯ ಎನ್ನುವ ಜಾಗದಲ್ಲಿ ಸ್ಕ್ರೂ ಬಿಗಿಯುವವರನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಷ್ಟು ಕಷ್ಟಪಡುವುದು ಮೊದಲಿಗೆ ಸೈನ್ಯದ ಕೆಲಸಕ್ಕೆ. ಮುಂದಿನ ಪೋಸ್ಟಿಗೂ ಹಿಂದಿನ ಕೇಂದ್ರಕ್ಕೂ ಮಾತು ಕಡಿದರೆ ಗಾಯಗೊಂಡವನಿಗೆ ಹೆಲಿಕಾಪ್ಟರ್ ಕರೆಸುವುದೂ ಕಷ್ಟ. ಮನೆಗೆ ಮಾತಾಡುವ ಅನುಕೂಲ ಆಮೇಲಿನದು. ಅದೂ ಮೊದಲು ದುಬಾರಿಯಿತ್ತು. 2017ರ ದೀಪಾವಳಿ ಹೊತ್ತಿಗೆ ಸರ್ಕಾರ ಯೋಧರ ಉಪಗ್ರಹ ಕರೆಯ ದರವನ್ನು ನಿಮಿಷಕ್ಕೆ 5 ರೂಪಾಯಿಯಿಂದ 1 ರೂಪಾಯಿಗೆ ಇಳಿಸಿ, ತಿಂಗಳಿಗೆ 500 ರೂಪಾಯಿ ಶುಲ್ಕವನ್ನೂ ತೆಗೆದುಹಾಕಿತು. ನೌಕಾಪಡೆಗೆ 2013ರಲ್ಲಿ ಜಿಸ್ಯಾಟ್-7, ವಾಯುಪಡೆಗೆ 2018ರಲ್ಲಿ ಜಿಸ್ಯಾಟ್-7ಎ ಹಾರಿದವು. ಭೂಸೇನೆಯ ಜಿಸ್ಯಾಟ್-7ಬಿ ತಯಾರಿಗೆ 2023ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು.

“ಅತ್ತೆ, ಇಸ್ರೋದ ಇಂಥ ಉಪಗ್ರಹಗಳು ಜಾಗ ಬಿಟ್ಟು ಕದಲದ ಹಾಗೆ ನೋಡ್ಕೊಳ್ಳೋ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ, 1982ರಿಂದ” ಅಂದೆ. ಅತ್ತೆಗೆ ಅದೇ ದೊಡ್ಡ ಸಮಾಧಾನ. “ಹಾಸನವಾ? ಹಂಗಾದ್ರೆ ಹತ್ರಾನೇ ಆಯ್ತು” ಅಂದರು.

ಉಪಗ್ರಹದ ಫೋನಲ್ಲಿ ಮಾತಾಡುವ ಮನೆಯವರಿಗೆ ನನ್ನದೊಂದು ಸಲಹೆ. ಒಂದು ಮಾತು ಹೇಳಿ, ನಿಲ್ಲಿಸಿ, ಕಾಯಿರಿ. ಉತ್ತರ ಬರಲಿಲ್ಲವೆಂದು ಮತ್ತೆ ಕೇಳಿದರೆ ಇಬ್ಬರ ಮಾತೂ ಡಿಕ್ಕಿ ಹೊಡೆದು, ಸಿಕ್ಕ ನಾಲ್ಕು ನಿಮಿಷ “ಹಲೋ, ಹಲೋ”ದಲ್ಲೇ ಮುಗಿಯುತ್ತದೆ.

ಮೊನ್ನೆ ಮತ್ತೆ ಹೋಗಿದ್ದೆ. ಮಗ ಫೋನ್ ಮಾಡಿದ್ದನಂತೆ. “ಈಗ ಕಾಯ್ತೀನಪ್ಪ. ಅರ್ಧ ಸೆಕೆಂಡ್ ನಿನ್ನ ಸ್ಯಾಟಲೈಟಿಗೆ ಬಿಟ್ಟಿದ್ದೀನಿ” ಅಂದ ಅತ್ತೆ, ಕಾಫಿ ಲೋಟ ಕೈಗಿಡುತ್ತಾ ಸೇರಿಸಿದರು: “ಅದಕ್ಕಿಂತ ಜಾಸ್ತಿ ಸುಮ್ಮನಿದ್ರೆ ಮಾತ್ರ, ನಾನು ಬಿಡೋದಿಲ್ಲ.”