ಹೆಸರು ಬರೆಯದ ಮಾನಿಟರ್

ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿ ಮಂಕಿ ಟಾಪ್ ಇರುವ ಹಳೆಯ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಓನರ್ ಟೊರಾಂಟೊದಲ್ಲೋ ಮೆಲ್ಬರ್ನಿನಲ್ಲೋ ಇರುತ್ತಾರೆ, ಮನೆಯಲ್ಲಿರುವವರು ಬಾಡಿಗೆಯವರು. ಅಂಥದೊಂದು ಕಟ್ಟಡದ ಅಸೋಸಿಯೇಷನ್ನು ಎಐ ಕೈಲಿ ಸಣ್ಣ ಜಾವಾ ಪ್ರೋಗ್ರಾಂ ಬರೆಸುತ್ತಿದೆ ಎಂದುಕೊಳ್ಳಿ. ನಾಳೆ ಕಾವೇರಿ ನೀರು ಬರುವುದಿಲ್ಲ ಎಂದಾದರೆ ಮನೆಮನೆಗೂ ಮೆಸೇಜ್ ಹೋಗಬೇಕು, ಇಷ್ಟೇ ಕೆಲಸ. ಫ್ಲಾಟಿನ ದಾಖಲೆಯಲ್ಲಿರುವುದು ಎರಡೇ ಹೆಸರು: ‘ಓನರ್’ ಮತ್ತು ‘ಟೆನೆಂಟ್’. ಎಐ ‘ಫ್ಲಾಟ್’ ಎಂದು ಬರೆದು, ಚುಕ್ಕಿ ಇಟ್ಟು, ‘ರೆಸಿಡೆಂಟ್’ ಎನ್ನಲು ಬಾಯಿ ತೆರೆಯುತ್ತದೆ. ಆ ಹೆಸರೇ ಅಲ್ಲಿಲ್ಲ.

ಮೊದಲಾಗಿದ್ದರೆ ಇದು ಕಂಪೈಲ್ ಆಗುತ್ತಿರಲಿಲ್ಲ. ಕೆಂಪಕ್ಷರದ ಎರರ್ ಬರುತ್ತಿತ್ತು. ಕೋಡು ಬರೆಯಲು ಕೂತವರು ತಲೆ ಕೆರೆದುಕೊಂಡು, ‘ಸಾರ್, ಮೆಸೇಜು ಓನರ್‌ಗೋ ಟೆನೆಂಟ್‌ಗೋ?’ ಎಂದು ಸೆಕ್ರೆಟರಿಗೆ ಫೋನ್ ಮಾಡುತ್ತಿದ್ದರು. ಈಗ ಆ ಎರರ್ ಹುಟ್ಟದಂತೆ ತಡೆಯುವ ವಿದ್ಯೆ ಬಂದಿದೆ. ಫೋನ್ ಕರೆಯೂ ಅದರ ಜೊತೆಗೇ ಹೋಯಿತೆ ಎಂಬುದು ನಮ್ಮ ಚಿಂತೆ.

ವಿದ್ಯೆ ಸರಳ. ಭಾಷಾ ಮಾದರಿ ಒಂದೊಂದು ಟೋಕನ್, ಎಂದರೆ ಪದ ಅಥವಾ ಪದದ ತುಂಡು, ಬರೆಯುವ ಮುನ್ನವೂ ತನಗೆ ಗೊತ್ತಿರುವ ಹತ್ತಾರು ಸಾವಿರ ಟೋಕನ್‌ಗಳಿಗೆ ಅಂಕ ಕೊಡುತ್ತದೆ. ಪಕ್ಕದಲ್ಲಿ ಕೂತ ಕಾವಲಿನ ಪ್ರೋಗ್ರಾಂ, ವ್ಯಾಕರಣಕ್ಕೆ ಹೊಂದದವುಗಳ ಅಂಕವನ್ನು ಅಳಿಸಿಬಿಡುತ್ತದೆ. ಉಳಿದವುಗಳಲ್ಲೇ ಒಂದನ್ನು ಆರಿಸಬೇಕು, ಬೇರೆ ದಾರಿ ಇಲ್ಲ. ಇದರ ಒಳ್ಳೆಯದೊಂದು ಪ್ರಯೋಗ ನಡೆದದ್ದು ನಮ್ಮೂರಿನಲ್ಲೇ. ಲ್ಯಾವೆಲ್ ರಸ್ತೆಯ ಮೈಕ್ರೋಸಾಫ್ಟ್ ರಿಸರ್ಚ್‌ನ ಆದಿತ್ಯ ಕಾನಡೆ, ಶ್ರೀರಾಮ್ ರಾಜಮಣಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಪ್ರಬಂಧವದು. ಬರಿಯ ವ್ಯಾಕರಣ ನೋಡಿದರೆ ‘ರೆಸಿಡೆಂಟ್’ ಕೂಡ ಪಾಸಾಗುತ್ತದೆ, ಏಕೆಂದರೆ ಚುಕ್ಕಿಯ ನಂತರ ಯಾವ ಹೆಸರು ಬಂದರೂ ಜಾವಾದ ವ್ಯಾಕರಣಕ್ಕೆ ತಕರಾರಿಲ್ಲ. ಆದ್ದರಿಂದ ಇವರು ಇಡೀ ಪ್ರಾಜೆಕ್ಟಿನ ಕಡತಗಳನ್ನೇ ಓದಿಸಿ, ಈ ಚುಕ್ಕಿಯ ಮುಂದೆ ನಿಜವಾಗಿ ಯಾವ ಹೆಸರುಗಳಿವೆ ಎಂದು ಕೇಳಿ ತಿಳಿದು, ಮಿಕ್ಕವನ್ನು ತಡೆದರು. ಈ ಕಾವಲಿನ ನೆರವಿನಿಂದ 110 ಕೋಟಿ ನಿಯತಾಂಕಗಳ ಪುಟ್ಟ ಮಾದರಿ ಸಾಂತಾಕೋಡರ್, ತನಗಿಂತ ಬಹಳ ದೊಡ್ಡದಾದ ಓಪನ್‌ಎಐ ಮಾದರಿಯೊಂದನ್ನು ಕಂಪೈಲ್ ಆಗುವ ಲೆಕ್ಕದಲ್ಲಿ ಹಿಂದೆ ಹಾಕಿತು. ದುಡ್ಡು ಕಡಿಮೆ ಇರುವ ಸಣ್ಣ ಕಂಪನಿಗಳಿಗೆ ಇದು ಸಣ್ಣ ವರವೇನಲ್ಲ. 2025ರಲ್ಲಿ ಜ್ಯೂರಿಕ್‌ನ ಇಟಿಎಚ್ ತಂಡ ಟೈಪ್‌ಸ್ಕ್ರಿಪ್ಟ್‌ಗೆ ಇಂಥದೇ ಕಡಿವಾಣ ಹಾಕಿದಾಗ ಕಂಪೈಲ್ ತಪ್ಪುಗಳು ಅರ್ಧಕ್ಕೂ ಹೆಚ್ಚು ಇಳಿದವು, ಸರಿಯಾಗಿ ಕೆಲಸ ಮಾಡುವ ಕೋಡಿನ ಪಾಲೂ ಏರಿತು. ಕಡಿವಾಣದ ಮೇಲೆ ನಮಗೇನೂ ಸಿಟ್ಟಿಲ್ಲ.

ಸಿಟ್ಟಿರುವುದು ಅದನ್ನು ಮಾರುವ ಮಾತಿನ ಮೇಲೆ. 2024ರ ಆಗಸ್ಟ್‌ನಲ್ಲಿ ಓಪನ್‌ಎಐ ತನ್ನ ಉತ್ತರಗಳು ಕೊಟ್ಟ ನಮೂನೆಗೆ ನೂರಕ್ಕೆ ನೂರು ಹೊಂದುತ್ತವೆ ಎಂದಿತು. ನಮೂನೆಯ ಒಳಗೆ ತುಂಬಿದ ವಿಷಯ ತಪ್ಪಿರಬಹುದು ಎಂದೂ ಅದೇ ಪ್ರಕಟಣೆಯಲ್ಲಿ ಹೇಳಿತ್ತು. ಮೊದಲನೆಯ ವಾಕ್ಯ ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು. ‘ರಾವಣನು ರಾಮನನ್ನು ಕೊಂದನು’ ಎಂಬುದರಲ್ಲೂ ವಿಭಕ್ತಿ ಸರಿಯಾಗಿಯೇ ಇದೆಯಲ್ಲ.

ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ‘ರೆಸಿಡೆಂಟ್’ ಎನ್ನಲು ಬಿಡದ ಮೇಲೆ ಮಾದರಿ ‘ಓನರ್’ ಎಂದಿತು ಎನ್ನಿ. ಕೋಡು ಒಂದೇ ಏಟಿಗೆ ಕಂಪೈಲ್ ಆಯಿತು, ರಿವ್ಯೂ ಮಾಡುವವರು ಕಣ್ಣಾಡಿಸಿ ಸೈ ಎಂದರು. ನೀರಿಲ್ಲ ಎಂಬ ಮೆಸೇಜು ಟೊರಾಂಟೊಗೆ ತಲುಪಿತು, ಇಲ್ಲಿ ಬಾಡಿಗೆಯವರು ಬೆಳಿಗ್ಗೆ ಎದ್ದು ಒಣ ನಲ್ಲಿ ತಿರುಗಿಸಿದರು. ಕಾವಲು ತಪ್ಪನ್ನು ತಿದ್ದಲಿಲ್ಲ, ಅದರ ಮೈಮೇಲಿದ್ದ ಕೆಂಪು ಬಣ್ಣವನ್ನು ಒರೆಸಿತು. ಮೊದಲು ಅರಚುತ್ತಿದ್ದ ತಪ್ಪು ಈಗ ಮೆಲ್ಲಗೆ ಒಳಗೆ ಬಂದು ಕೂತಿದೆ. ಹೀಗೆ ಹೆಜ್ಜೆಹೆಜ್ಜೆಗೂ ತಡೆಯುತ್ತ ಹೋದರೆ, ವ್ಯಾಕರಣಬದ್ಧವಾಗಿದ್ದರೂ ಮಾದರಿ ತಾನಾಗಿ ಬರೆಯುವ ಸಂಭವವೇ ಕಡಿಮೆಯಾದ ಕಡೆಗೆ ಬರಹ ಹೊರಳಬಹುದು ಎಂದು 2024ರ ಸಂಶೋಧನೆಯೊಂದು ತೋರಿಸಿದೆ.

ಬೆಂಗಳೂರಿನ ತಂಡ ತನ್ನ ಕಾವಲಿಗೆ ಇಟ್ಟ ಹೆಸರು ‘ಮಾನಿಟರ್’. ಶಾಲೆಯಲ್ಲಿ ಓದಿದವರಿಗೆಲ್ಲ ಮಾನಿಟರ್ ಗೊತ್ತು. ಮೇಷ್ಟ್ರು ಹೊರಗೆ ಹೋದಾಗ ಅವನು ‘ಶ್‌’ ಎಂದು ಬಾಯಿ ಮುಚ್ಚಿಸುತ್ತಿದ್ದ. ಅಷ್ಟಕ್ಕೇ ಬಿಡುತ್ತಿರಲಿಲ್ಲ, ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುತ್ತಿದ್ದ. ಮೇಷ್ಟ್ರು ಬಂದೊಡನೆ ನೋಡುತ್ತಿದ್ದದ್ದು ಆ ಮೂಲೆಯನ್ನೇ.

ನಾವು ಕೇಳುವುದೂ ಆ ಮೂಲೆಯನ್ನೇ. ಮಾದರಿಯನ್ನು ಎಲ್ಲಿ ತಡೆಯಲಾಯಿತು, ಅದು ಏನು ಬರೆಯಲು ಹೊರಟಿತ್ತು, ಬದಲಿಗೆ ಏನು ಬರೆಸಲಾಯಿತು ಎಂಬುದು ಕೋಡಿನ ಜೊತೆಗೇ ಬರಲಿ. ಎಲ್ಲವೂ ಬೇಡ. ಅಲ್ಪವಿರಾಮಕ್ಕೆ, ಖಾಲಿ ಜಾಗಕ್ಕೆ ತಡೆದದ್ದನ್ನೆಲ್ಲ ಬರೆದರೆ ಯಾರೂ ಓದುವುದಿಲ್ಲ. ಹೆಚ್ಚು ಅಂಕ ಪಡೆದಿದ್ದ ಹೆಸರೊಂದನ್ನು ಅಳಿಸಿದ ಕಡೆ ಮಾತ್ರ ಒಂದು ಗುರುತು ಸಾಕು, ರಿವ್ಯೂ ಮಾಡುವವರ ಕಣ್ಣು ಮೊದಲು ಅಲ್ಲಿಗೇ ಹೋಗಲಿ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಅಳಿಸುವ ಮುನ್ನ ಆ ಅಂಕಗಳೆಲ್ಲ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತವೆ. ಮಾದರಿಯನ್ನು ತಮ್ಮ ಬಳಿಯೇ ಇಟ್ಟುಕೊಂಡು ಬಾಡಿಗೆಗೆ ಕೊಡುವ ಕಂಪನಿಗಳು ಅವನ್ನು ಗಿರಾಕಿಗೆ ತೋರಿಸುತ್ತವೆಯೇ ಎಂದು, ಕೊಳ್ಳುವವರು ಸಹಿ ಹಾಕುವ ಮುಂಚೆ ಕೇಳಬೇಕು.