ಚೈನ್ ಹಿಗ್ಗಲ್ಲ ಗುರು, ಸವೆಯುತ್ತೆ!

ಎಟಿವಿ ಇರುವ ಯಾವ ವರ್ಕ್‌ಶಾಪಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತೆ: "ಚೈನ್ ಹಿಗ್ಗಿದೆ ಮಗಾ, ಸ್ವಲ್ಪ ಟೈಟ್ ಮಾಡು." ಸ್ಪ್ಯಾನರ್ ಬರುತ್ತೆ, ಆಕ್ಸಲ್ ಒಂದಿಷ್ಟು ಹಿಂದಕ್ಕೆ ಸರಿಯುತ್ತೆ, ಕೆಲಸ ಮುಗೀತು. ಗಾಡಿ ಎರಡು ದಿನ ಮರಳಲ್ಲಿ ಓಡಿದ ಮೇಲೆ ಮತ್ತೆ ಅದೇ ಮಾತು, ಅದೇ ಸ್ಪ್ಯಾನರ್. ಕೊನೆಗೆ ಸರಿಸೋಕೆ ಜಾಗವೇ ಇಲ್ಲದಾಗ "ಈ ಕಂಪನಿ ಚೈನೇ ಸರಿ ಇಲ್ಲ" ಅನ್ನೋ ತೀರ್ಪು.

ನಮ್ಮ ತಕರಾರು ಇರೋದು ಆ ಮೊದಲನೇ ಮಾತಿನ ಮೇಲೆ. ಚೈನ್ ಹಿಗ್ಗುತ್ತೆ ಅಂದುಕೊಂಡವರು ಬಿಗಿ ಮಾಡ್ತಾರೆ. ಚೈನ್ ಸವೆಯುತ್ತೆ ಅಂತ ಗೊತ್ತಿರೋರು ಸ್ವಚ್ಛ ಮಾಡ್ತಾರೆ. ರೋಗದ ಹೆಸರು ತಪ್ಪಾದರೆ ಮದ್ದೂ ತಪ್ಪುತ್ತೆ.

ಎಲ್ಲ ಎಟಿವಿಗೂ ಈ ತಲೆನೋವು ಇಲ್ಲ. ಹೊಲ, ತೋಟದ ಕೆಲಸಕ್ಕೆಂದು ಮಾಡಿದ ಯುಟಿಲಿಟಿ ಗಾಡಿಗಳಲ್ಲಿ ಹೆಚ್ಚಾಗಿ ಶಾಫ್ಟ್ ಡ್ರೈವ್ ಇರುತ್ತೆ. ಮರುಭೂಮಿಯ ದಿಬ್ಬ ಹತ್ತಿಸೋ ಯಮಹಾ ರ‍್ಯಾಪ್ಟರ್ 700 ತರಹದ ಸ್ಪೋರ್ಟ್ ಗಾಡಿಗಳಲ್ಲಿ ಮಾತ್ರ ಚೈನ್. ತೂಕ ಕಡಿಮೆ, ಸ್ಪ್ರಾಕೆಟ್ ಬದಲಿಸಿದರೆ ಗೇರ್ ಅನುಪಾತವೂ ಬದಲಾಗುತ್ತೆ. ಇದೇ ಕಾರಣಕ್ಕೆ ಕಾಲೇಜು ತಂಡಗಳು ಕಟ್ಟುವ ಎಷ್ಟೋ ಗಾಡಿಗಳಲ್ಲೂ ಕೊನೆಯ ಹಂತದಲ್ಲಿ ಚೈನೇ ಇರುತ್ತೆ. ನಮ್ಮ ಕರಾವಳಿಯ ಬೀಚಿನಲ್ಲಿ ಬಾಡಿಗೆಗೆ ಓಡುವ ಚಿಕ್ಕ ಎಟಿವಿಗಳಲ್ಲೂ ನೋಡಬಹುದು. ಅಲ್ಲಿ ಹೊಯ್ಗೆಯ ಜೊತೆಗೆ ಉಪ್ಪೂ ಸೇರಿಕೊಳ್ಳುತ್ತೆ.

ಈಗ ವಿಷಯಕ್ಕೆ ಬರೋಣ. ಹಾನ್ಸ್ ರೆನಾಲ್ಡ್ 1880ರಲ್ಲಿ ಪೇಟೆಂಟ್ ಪಡೆದ ಬುಷ್ ರೋಲರ್ ಚೈನ್‌ನ ರಚನೆಯೇ ಇವತ್ತಿಗೂ ನಡೀತಿದೆ. ಹೊರಗಿನ ಪ್ಲೇಟಿಗೆ ಪಿನ್, ಒಳಗಿನ ಪ್ಲೇಟಿಗೆ ಬುಷ್, ಬುಷ್ ಮೇಲೆ ತಿರುಗುವ ರೋಲರ್. ಸ್ಪ್ರಾಕೆಟ್ ಮೇಲೆ ಹತ್ತುವಾಗ, ಇಳಿಯುವಾಗ ಪ್ರತಿ ಗಂಟಿನಲ್ಲೂ ಪಿನ್ನು ಬುಷ್ ಒಳಗೆ ಸ್ವಲ್ಪ ತಿರುಗುತ್ತೆ. ಎಳೆತವೆಲ್ಲ ಬೀಳೋದೂ ಅಲ್ಲೇ, ಉಜ್ಜೋದೂ ಅಲ್ಲೇ. ಪಿನ್ನು ಸವೆದು ಬುಷ್ ಅಗಲವಾದರೆ ಆ ಸಂದಿನಷ್ಟು ಚೈನ್ ಉದ್ದವಾಗುತ್ತೆ. ಪ್ಲೇಟುಗಳು ರಬ್ಬರ್ ಥರ ಎಳೆದುಕೊಂಡು ಉದ್ದವಾಗೋದು ತೀರಾ ಮಿತಿಮೀರಿದ ಲೋಡ್ ಬಿದ್ದಾಗ ಮಾತ್ರ.

ಲೆಕ್ಕ ಹಾಕಿ ನೋಡಿ. ಸ್ಪೋರ್ಟ್ ಎಟಿವಿಗಳಲ್ಲಿ ಸಾಮಾನ್ಯವಾಗಿರುವ 520 ಚೈನ್‌ನ ಪಿಚ್ 15.875 ಮಿ.ಮೀ. 96 ಕೊಂಡಿಯ ಚೈನ್ ಅಂದರೆ 1524 ಮಿ.ಮೀ. ಇದು ಶೇ. 1ರಷ್ಟು ಉದ್ದವಾಗೋಕೆ ಪ್ರತಿ ಗಂಟಿನಲ್ಲಿ ಸರಾಸರಿ 0.16 ಮಿ.ಮೀ. ಸವೆದರೆ ಸಾಕು. ಕಣ್ಣಿಗೆ ಕಾಣದಷ್ಟು. ಆದರೆ ಹನಿ ಹನಿಗೂಡಿದರೆ ಹಳ್ಳ ಅಂತಾರಲ್ಲ, ಒಟ್ಟಿಗೆ ಸೇರಿಸಿದರೆ 15 ಮಿ.ಮೀ. ಆಯ್ತು. ಆಕ್ಸಲ್ಲನ್ನು ಸುಮಾರು ಏಳೂವರೆ ಮಿ.ಮೀ. ಹಿಂದೆ ಸರಿಸಿ ನಾವು ನಿಜವಾಗಿ ಮುಚ್ಚಿಡ್ತಿರೋದು ಇದನ್ನೇ. ಬಿಗಿ ಮಾಡಿದರೆ ಜೋಲು ಹೋಗುತ್ತೆ, ಸವೆದ ಪಿಚ್ ವಾಪಸ್ ಬರಲ್ಲ. ಉದ್ದವಾದ ಪಿಚ್ ಸ್ಪ್ರಾಕೆಟ್ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರುತ್ತೆ, ಹಲ್ಲನ್ನು ಕೊಕ್ಕೆಯ ಆಕಾರಕ್ಕೆ ತರುತ್ತೆ. ಹಲ್ಲು ಕೆಟ್ಟ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳು. ಹಾಗಾಗಿ ಎರಡನ್ನೂ ಸೆಟ್ ಆಗಿಯೇ ಬದಲಿಸಬೇಕು. ಒಂದನ್ನು ಉಳಿಸೋಕೆ ಹೋಗಿ ಎರಡನ್ನೂ ಕಳ್ಕೊಳ್ಳೋದು ಉಳಿತಾಯವಲ್ಲ.

ಇದರಲ್ಲಿ ಮರಳಿನ ಪಾತ್ರ ಏನು? ಮರಳಿನಲ್ಲಿ ಹೆಚ್ಚಾಗಿ ಇರೋದು ಕ್ವಾರ್ಟ್ಸ್. ಹದ ಕೊಟ್ಟು ಗಟ್ಟಿ ಮಾಡಿದ ಸಾಮಾನ್ಯ ಉಕ್ಕನ್ನೂ ಗೀರುವಷ್ಟು ಗಟ್ಟಿ. ಅದರ ನುಣ್ಣನೆ ಪುಡಿ ಎಣ್ಣೆಗೆ ಸೇರಿದರೆ ಏನಾಗುತ್ತೆ ಅಂತ ಇಂಜಿನ್ ಲ್ಯಾಬಿನಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಮುಟ್ಟಿದವರಿಗೆ ಹೇಳಬೇಕಿಲ್ಲ. ಅದೂ ಇದೇ ಜಾತಿ: ಗಟ್ಟಿ ಪುಡಿ, ಜೊತೆಗೆ ಗ್ರೀಸು. ಅಲ್ಲಿ ಬೇಕು ಅಂತ ತೇಯ್ತೀವಿ. ಇಲ್ಲಿ ಬೇಡದೆ ತೇಯುತ್ತೆ.

ಅದಕ್ಕೇ ಮರಳಿಗೆ ಇಳಿಯೋ ಮುಂಚೆ ಚೈನ್ ಮೇಲೆ ದಪ್ಪಗೆ ಗ್ರೀಸ್ ಬಳಿಯೋ ಪದ್ಧತಿ ನಿಲ್ಲಬೇಕು ಅಂತ ನಾವು ಹೇಳೋದು. ನೋಡೋಕೆ ಕಾಳಜಿ ಥರ ಕಾಣುತ್ತೆ, ಆದರೆ ಆ ಅಂಟು ಮರಳನ್ನು ಕರೆದು ಕೂರಿಸಿಕೊಳ್ಳುತ್ತೆ. ಇದಕ್ಕೆ ಪೂರ್ತಿ ಉಲ್ಟಾ ಹೇಳೋರೂ ಇದ್ದಾರೆ: "ಮರಳಲ್ಲಿ ಎಣ್ಣೆನೇ ಬೇಡ, ಒಣಗಲೇ ಓಡ್ಸು." ಅದನ್ನೂ ಹಾಗೇ ಒಪ್ಪೋಕಾಗಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಚೈನು?

ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್ ಆಗಿದ್ದರೆ ಪಿನ್ನು, ಬುಷ್ ನಡುವೆ ಬೇಕಾದ ಗ್ರೀಸನ್ನು ಫ್ಯಾಕ್ಟರಿಯಲ್ಲೇ ತುಂಬಿ ರಬ್ಬರ್ ಸೀಲ್ ಹಾಕಿರ್ತಾರೆ. ಹೊರಗೆ ಬೇಕಾಗಿರೋದು ತುಕ್ಕು ಹಿಡಿಯದಷ್ಟು, ಸೀಲ್ ಒಣಗಿ ಬಿರಿಯದಷ್ಟು, ರೋಲರಿಗೆ ಸಾಕಾಗುವಷ್ಟು ತೆಳು ಪದರ. ಮೇಣದಂತೆ ಒಣಗುವ ಲ್ಯೂಬ್ ಒಳ್ಳೇದು. ಸೀಲ್ ಇಲ್ಲದ ಸಾದಾ ಚೈನ್ ಆದರೆ ಎಣ್ಣೆ ಬುಷ್ ಒಳಗೆ ಹೋಗಲೇಬೇಕು. ಅದನ್ನು ಒಣಗಿಸಿ ಓಡಿಸಿದರೆ ಲೋಹಕ್ಕೆ ಲೋಹ ಉಜ್ಜುತ್ತೆ. ಇದಕ್ಕೆ ಸರಿಯಾದ ಸಮಯ ಓಡಿಸೋ ಮುಂಚೆ ಅಲ್ಲ, ಓಡಿಸಿ ಬಂದ ಮೇಲೆ. ಚೈನ್ ಸ್ವಚ್ಛ ಮಾಡಿ, ಬೆಚ್ಚಗಿರುವಾಗಲೇ ಪ್ಲೇಟುಗಳ ಸಂದಿಗೆ ತೆಳು ಎಣ್ಣೆ ಬಿಡಿ. ರಾತ್ರಿ ಇಳಿಯಲಿ. ಬೆಳಿಗ್ಗೆ ಹೊರಗೆ ಕೂತಿರೋದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಿ. ಕೆಲಸಕ್ಕೆ ಬರೋದು ಒಳಗಿರೋ ಎಣ್ಣೆ, ಹೊರಗಿರೋದು ಮರಳಿನ ಮನೆ.

ಇನ್ನು ತೊಳೆಯೋ ವಿಷಯ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೃದು ಬ್ರಷ್ ಸಾಕು. ಪೆಟ್ರೋಲ್ ಬೇಡ, ರಬ್ಬರ್ ಸೀಲ್ ಹಾಳಾಗುತ್ತೆ, ಬೆಂಕಿಯ ಭಯ ಬೇರೆ. ತಂತಿ ಬ್ರಷ್ ಸೀಲನ್ನು ಹರಿಯುತ್ತೆ. ವಾಟರ್ ಸರ್ವಿಸಿನ ಜೋರು ನೀರನ್ನು ಹತ್ತಿರದಿಂದ ನೇರವಾಗಿ ಚೈನಿಗೆ ಹಿಡಿದರೆ ಮರಳನ್ನು ಸೀಲ್ ದಾಟಿಸಿ ಒಳಗೆ ತಳ್ಳಿದ ಹಾಗೆ. ಸಮುದ್ರದ ಬದಿ ಓಡಿಸಿ ಬಂದರೆ ಅವತ್ತೇ ಸಿಹಿನೀರಲ್ಲಿ ಮೆಲ್ಲಗೆ ತೊಳೆದು, ಒಣಗಿಸಿ, ಎಣ್ಣೆ ಕೊಡಬೇಕು. ಮುಖ್ಯವಾದದ್ದು ಇನ್ನೊಂದು: ಇಂಜಿನ್ ಆನ್ ಇಟ್ಟು, ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿದು ಚೈನ್ ಒರೆಸೋದು ಯಾವ ಕಾರಣಕ್ಕೂ ಬೇಡ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ ಒಳಗೆ ಹೋಗುತ್ತೆ. ಇಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಬಿಗಿತದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸ್ವಿಂಗ್‌ಆರ್ಮ್ ಇರುವ ಗಾಡಿಯಲ್ಲಿ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಸ್ಟ್ಯಾಂಡ್ ಮೇಲೆ ನಿಂತ ಗಾಡಿಯಲ್ಲಿ "ಪರ್ಫೆಕ್ಟ್" ಅನಿಸಿದ ಚೈನು ದಿಬ್ಬದಿಂದ ಹಾರಿ ಇಳಿದಾಗ ತಂತಿಯಂತೆ ಬಿಗಿದು ಪಿನ್ನು, ಬುಷ್, ಬೇರಿಂಗ್ ಎಲ್ಲವನ್ನೂ ತಿನ್ನುತ್ತೆ. ಮೇಲಾಗಿ ಒದ್ದೆ ಮರಳು ಹಲ್ಲುಗಳ ಬುಡದಲ್ಲಿ ಗಟ್ಟಿಯಾಗಿ ಕೂತರೆ ಚೈನ್ ಮೇಲಕ್ಕೆ ಎದ್ದು ಇನ್ನೂ ಬಿಗಿಯಾಗುತ್ತೆ. ಆದ್ದರಿಂದ ಜೋಲು ನೋಡಬೇಕಾದದ್ದು ಆ ಅತಿ ಬಿಗಿಯ ಸ್ಥಿತಿಯಲ್ಲಿ, ಮ್ಯಾನುಯಲ್ ಹೇಳಿದ ಅಳತೆಗೆ. ಅನುಮಾನ ಬಂದರೆ ತುಸು ಸಡಿಲ ಇರಲಿ, ಬಿಗಿ ಬೇಡ.

ಗಾಡಿ ಕಟ್ಟೋ ತಂಡಗಳಿಗೆ ಇದು ಡಿಸೈನ್ ಟೇಬಲ್ಲಿನಲ್ಲೇ ಶುರುವಾಗಬೇಕಾದ ಚರ್ಚೆ. 13-39 ಹಲ್ಲಿನ ಜೋಡಿಗೂ 15-45ರ ಜೋಡಿಗೂ ಅನುಪಾತ ಒಂದೇ, 3. ಮುಂದಿನ ಶಾಫ್ಟಿನಲ್ಲಿ 200 ನ್ಯೂಟನ್ ಮೀಟರ್ ಟಾರ್ಕ್ ಇದೆ ಅಂದುಕೊಳ್ಳಿ. 520 ಚೈನಿನಲ್ಲಿ 13 ಹಲ್ಲಿಗೆ ಎಳೆತ ಸುಮಾರು 6 ಕಿಲೋನ್ಯೂಟನ್, 15 ಹಲ್ಲಿಗೆ 5.2. ಪ್ರತಿ ಗಂಟು ಬಾಗುವ ಕೋನವೂ 27.7 ಡಿಗ್ರಿಯಿಂದ 24ಕ್ಕೆ ಇಳಿಯುತ್ತೆ. ಎಳೆತ ಕಡಿಮೆ, ಉಜ್ಜಾಟ ಕಡಿಮೆ. ಇದಕ್ಕೆ ಬೆಲೆಯೂ ಇದೆ: ಹಿಂದಿನ ಸ್ಪ್ರಾಕೆಟ್ ನೆಲಕ್ಕೆ ಸುಮಾರು 15 ಮಿ.ಮೀ. ಹತ್ತಿರ ಬರುತ್ತೆ, ಮರಳಲ್ಲಿ ಅದು ದೊಡ್ಡ ವಿಷಯವೇ. ಯಾವುದನ್ನು ಬಿಟ್ಟು ಯಾವುದನ್ನು ಹಿಡಿದಿರಿ ಅಂತ ಲೆಕ್ಕ ತೋರಿಸಿ ಹೇಳೋಕೆ ಬಂದರೆ ಅದು ಡಿಸೈನ್. "ಇದೇ ಸಿಕ್ತು, ಇದೇ ಹಾಕಿದ್ವಿ" ಅನ್ನೋದು ಡಿಸೈನ್ ಅಲ್ಲ.

ಸೀಲ್ ಇರೋ ಚೈನಿಗೆ ದುಡ್ಡು ಜಾಸ್ತಿ, ತೂಕ ಜಾಸ್ತಿ, ಸ್ವಲ್ಪ ಪವರನ್ನೂ ತಿನ್ನುತ್ತೆ ಅನ್ನೋ ವಾದ ನಮಗೆ ಗೊತ್ತು. ಸುಳ್ಳಲ್ಲ. ಟಾರ್ ರೋಡಿನ ರೇಸಾಗಿದ್ದರೆ ನಾವೂ ಕೂತು ಯೋಚಿಸ್ತಿದ್ವಿ. ಮರಳಿನಲ್ಲಿ ಗಂಟೆಗಟ್ಟಲೆ ಓಡೋ ಗಾಡಿಗೆ ಮಾತ್ರ ಸೀಲ್ ಇಲ್ಲದ ಚೈನ್ ಹಾಕೋದು ಏರ್ ಫಿಲ್ಟರ್ ಇಲ್ಲದೆ ಇಂಜಿನ್ ಓಡಿಸಿದ ಹಾಗೆ.

"ಇಷ್ಟೆಲ್ಲ ಮಾಡೋಕೆ ಟೈಮ್ ಎಲ್ಲಿದೆ? ಹಾಳಾದರೆ ಹೊಸದು ಹಾಕಿದರಾಯ್ತು" ಅನ್ನೋರಿಗೂ ಉತ್ತರ ಕೊಡಬೇಕು. ಚೈನ್ ಹಾಳಾಗೋದು ಗಾಡಿ ಶೆಡ್ಡಿನಲ್ಲಿ ನಿಂತಾಗ ಅಲ್ಲ. ಸವೆದ ಚೈನ್ ತುಂಡಾಗೋದು ಪೂರ್ತಿ ಥ್ರಾಟಲ್‌ನಲ್ಲಿ ದಿಬ್ಬ ಹತ್ತುವಾಗ. ಅರ್ಧ ದಾರಿಯಲ್ಲಿ ಡ್ರೈವ್ ಹೋದರೆ ಗಾಡಿ ಹಿಂದಕ್ಕೆ ಜಾರುತ್ತೆ. ತುಂಡಾದ ಚೈನ್ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡರೆ ಇಂಜಿನ್ ಕೇಸ್ ಒಡೆಯಬಹುದು, ಒಂದೇ ಆಕ್ಸಲ್ಲಿನಲ್ಲಿರೋ ಎರಡೂ ಹಿಂದಿನ ಚಕ್ರ ಒಟ್ಟಿಗೆ ಲಾಕ್ ಆಗಬಹುದು. ಸೀಟಿನಲ್ಲಿ ಕೂತಿರೋದು ನಮ್ಮ ಜೊತೆ ಮೆಸ್ಸಿನಲ್ಲಿ ಊಟ ಮಾಡೋ ಹುಡುಗನೋ ಹುಡುಗಿಯೋ. ಹೊಸ ಚೈನಿನ ಬೆಲೆಯನ್ನು ಇದರ ಪಕ್ಕ ಇಟ್ಟು ಮಾತಾಡಿ.

ನಿಜವಾದ ಅಡ್ಡಿ ಟೈಮ್ ಅಲ್ಲ, ಮರ್ಯಾದೆ ಅನ್ನೋದು ನಮ್ಮ ಅನಿಸಿಕೆ. ಕ್ಯಾಡ್ ಮಾಡಿದವರ ಚಿತ್ರಕ್ಕೆ ಲೈಕ್ ಬರುತ್ತೆ. ಸಿಮ್ಯುಲೇಶನ್ನಿನ ಬಣ್ಣಬಣ್ಣದ ಪ್ಲಾಟು ಪ್ರೆಸೆಂಟೇಶನ್ ಸೇರುತ್ತೆ. ಕೈ ಕಪ್ಪು ಮಾಡಿಕೊಂಡು ಚೈನ್ ಉಜ್ಜಿದವರ ಹೆಸರು ಎಲ್ಲೂ ಬರಲ್ಲ. ಅದು ಜೂನಿಯರ್ ಕೆಲಸ, ಹೆಲ್ಪರ್ ಕೆಲಸ. ಹೀಗೆ ಅಂದುಕೊಂಡ ಕಡೆ ಮರಳು ಗೆಲ್ಲುತ್ತೆ.

ಆದ್ದರಿಂದ ನಮ್ಮ ಬೇಡಿಕೆ ಸರಳ. ವರ್ಕ್‌ಶಾಪಿನಲ್ಲಿ ಪ್ರತಿ ಗಾಡಿಗೂ ಒಂದು ಚೈನ್ ಪುಸ್ತಕ ಇರಲಿ, ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ಓಟದ ಮೇಲೆ ಬರೆಯಬೇಕಾದ್ದು ನಾಲ್ಕೇ: ಎಷ್ಟು ಗಂಟೆ ಓಡಿತು, ಜೋಲು ಎಷ್ಟಿತ್ತು, ಆಕ್ಸಲ್ ಎಷ್ಟು ಸರಿಸಿದ್ದು, 20 ಪಿಚ್‌ನ ಉದ್ದ ಎಷ್ಟು. ಚೈನನ್ನು ಎಳೆದು ಹಿಡಿದು ಒಂದು ಪಿನ್ನಿನ ನಡುವಿಂದ 21ನೇ ಪಿನ್ನಿನ ನಡುವಿಗೆ ಅಳೆಯಿರಿ, ಮೂರು ಕಡೆ. ಹೊಸ 520 ಚೈನಿನಲ್ಲಿ 317.5 ಮಿ.ಮೀ. ಬರಬೇಕು. ಶೇ. 1 ಅಂದರೆ 320.7. ಕಾರ್ಖಾನೆಯ ಯಂತ್ರಗಳಲ್ಲಿ ಶೇ. 3ರವರೆಗೆ ಬಿಡ್ತಾರೆ, ಎಟಿವಿಗೆ ಅಷ್ಟು ಕಾಯಬಾರದು, ಮ್ಯಾನುಯಲ್ ಕೊಟ್ಟ ಮಿತಿಯೇ ಕೊನೆ. ಮೂರು ಮಿ.ಮೀ. ವ್ಯತ್ಯಾಸ ನೋಡೋಕೆ ದುಬಾರಿ ಉಪಕರಣ ಬೇಡ, ಒಂದು ಸ್ಟೀಲ್ ಸ್ಕೇಲ್ ಸಾಕು. ಅಳೆಯುವಾಗಲೇ ಮಾಸ್ಟರ್ ಲಿಂಕಿನ ಕ್ಲಿಪ್ ನೋಡಿ: ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೆ ಇರಬೇಕು.

ಹತ್ತು ಓಟದ ಅಂಕಿ ಸೇರಿದರೆ ಗ್ರಾಫ್ ಆಗುತ್ತೆ. ಚೈನ್ ಯಾವಾಗ ಬದಲಿಸಬೇಕು ಅಂತ ಮೊದಲೇ ಹೇಳುತ್ತೆ, ಯಾವ ಲ್ಯೂಬ್ ನಮ್ಮ ಮರಳಿಗೆ ಒಗ್ಗುತ್ತೆ ಅಂತ ಜಗಳವಿಲ್ಲದೆ ತೀರ್ಮಾನಿಸುತ್ತೆ. ಅದು ಯಾವ ಸಿಮ್ಯುಲೇಶನ್ ಪ್ಲಾಟಿಗೂ ಕಡಿಮೆಯದಲ್ಲ. ಆ ಪುಟ ಬರೆದ ಫಸ್ಟ್ ಇಯರ್ ಹುಡುಗಿಯ ಹೆಸರು ಡಿಸೈನ್ ರಿಪೋರ್ಟಿನಲ್ಲಿ ಇರಲಿ.

ಮುಂದಿನ ಸಲ ಯಾರಾದರೂ "ಚೈನ್ ಹಿಗ್ಗಿದೆ" ಅಂದರೆ ಸ್ಪ್ಯಾನರ್ ಕೊಡಬೇಡಿ. ಸ್ಕೇಲ್ ಕೊಡಿ.